ಮೂರು ಸಲ ಸೋತರೂ ನೋಂಬು ಬಿಡದ ಹಕೀಂ

ರಮಝಾನ್ ಹತ್ತಿರ ಬಂದಾಗಲೆಲ್ಲ ನಮ್ಮ ಮದ್ರಸದ ದೊಡ್ಡ ತರಗತಿಯ ಮಕ್ಕಳಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ. "ಉಸ್ತಾದ್, ನೋಂಬು ಹಿಡಿದು ಆಡ್ಲಿಕ್ಕೆ ಆಗ್ತದಾ?" ಸಣ್ಣವರು ಕೇಳಿದರೆ ನಾವು ನಕ್ಕು ಸುಮ್ಮನಾಗುತ್ತೇವೆ. ಆದರೆ ಕಳೆದ ಸಲ ಕೇಳಿದವನು ಸಣ್ಣವನಲ್ಲ. ಪಿಯುಸಿ ಓದುವ ಹುಡುಗ, ಒಳ್ಳೆ ಎತ್ತರದವನು, ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದಲ್ಲಿದ್ದಾನೆ. ಮಗ್ರಿಬ್ ಮುಗಿದ ಮೇಲೆ ಎಲ್ಲರೂ ಹೋಗುವ ತನಕ ಕಾದು ನಿಂತು ಕೇಳಿದ. ಪಂದ್ಯ ನೋಂಬಿನ ತಿಂಗಳಲ್ಲೇ ಬಿದ್ದಿದೆ. ಮನೆಯಲ್ಲಿ ಉಪ್ಪ "ಆಟ ಬಿಡು" ಅಂತಾರೆ, ಮೈದಾನದಲ್ಲಿ ಗೆಳೆಯರು "ಒಂದು ದಿನ ನೋಂಬು ಬಿಡು" ಅಂತಾರೆ. ಎರಡನ್ನೂ ಬಿಡಲು ಅವನಿಗೆ ಮನಸ್ಸಿಲ್ಲ.

ನಾವು ನಮಗೆ ತಿಳಿದ ಮಸಲ ಹೇಳಿದೆವು. ಆಟ ಉಪವಾಸ ಬಿಡಲು ಕಾರಣ ಆಗುವುದಿಲ್ಲ ಎಂದೆವು. ಅವನು ತಲೆ ಅಲ್ಲಾಡಿಸಿ ಹೋದ. ಆದರೆ ಮಸಲ ಹೇಳುವುದು ಸುಲಭ, ಹದಿನೇಳು ವರ್ಷದ ಹುಡುಗನಿಗೆ ದಾರಿ ತೋರಿಸುವುದು ಕಷ್ಟ. ಆ ರಾತ್ರಿ ನಮಗೆ ಸಮಾಧಾನ ಆಗಲಿಲ್ಲ. ದುಬೈಯಲ್ಲಿರುವ ನಮ್ಮ ಹಳೆಯ ಶಿಷ್ಯರೊಬ್ಬರಿಗೆ ಫೋನ್ ಮಾಡಿದಾಗ ಅವರು ಹೇಳಿದ ಹೆಸರು ಹಕೀಂ ಒಲಾಜುವಾನ್. "ಉಸ್ತಾದ್, ಆ ಹುಡುಗನಿಗೆ ಇವರ ಕತೆ ಹೇಳಿ, ಸಾಕು" ಎಂದರು. ನಾವು ಅಂದಿನಿಂದ ಓದಿ ತಿಳಿದದ್ದನ್ನು ಈ ವಾರ ನಿಮ್ಮ ಮುಂದೆ ಇಡುತ್ತಿದ್ದೇವೆ. ಮನೆಯಲ್ಲಿ ಆಡುವ ಮಕ್ಕಳಿದ್ದರೆ ಅವರಿಗೂ ಓದಿ ಹೇಳಿ.

ಲಾಗೋಸಿನ ಗೋಲ್‌ಕೀಪರ್

ಹಕೀಂ ಹುಟ್ಟಿದ್ದು 1963ರ ಜನವರಿ 21ರಂದು, ಆಫ್ರಿಕಾದ ನೈಜೀರಿಯಾ ದೇಶದ ಲಾಗೋಸ್ ನಗರದಲ್ಲಿ. ಯೊರುಬಾ ಜನಾಂಗದ ಮುಸ್ಲಿಂ ಕುಟುಂಬ. ತಂದೆ ಸಲೀಂ, ತಾಯಿ ಅಬಿಕೆ. ಇಬ್ಬರೂ ಸೇರಿ ಸಿಮೆಂಟ್ ವ್ಯಾಪಾರ ನಡೆಸುತ್ತಿದ್ದರು. ಮಕ್ಕಳು ಓದಬೇಕು, ಹಿರಿಯರಿಗೆ ಮರ್ಯಾದೆ ಕೊಡಬೇಕು, ಸುಳ್ಳು ಹೇಳಬಾರದು ಎಂಬ ಮನೆ. ಹೈಸ್ಕೂಲು ಓದಿದ್ದು ಲಾಗೋಸಿನ ಮುಸ್ಲಿಂ ಟೀಚರ್ಸ್ ಕಾಲೇಜಿನಲ್ಲಿ.

ಬಾಸ್ಕೆಟ್‌ಬಾಲ್ ಅವರ ಮೊದಲ ಆಟವೇ ಅಲ್ಲ. ಅವರು ಹ್ಯಾಂಡ್‌ಬಾಲ್ ಆಡುತ್ತಿದ್ದರು, ಫುಟ್‌ಬಾಲಿನಲ್ಲಿ ಗೋಲ್‌ಕೀಪರ್ ಆಗಿ ನಿಲ್ಲುತ್ತಿದ್ದರು. ಬಾಸ್ಕೆಟ್‌ಬಾಲ್ ಚೆಂಡು ಕೈಗೆ ಬಂದದ್ದು ಹದಿಹರೆಯ ಅರ್ಧ ಕಳೆದ ಮೇಲೆ. ಅಮೆರಿಕದ ಮಕ್ಕಳು ಆರೇಳು ವರ್ಷಕ್ಕೆ ಈ ಆಟ ಶುರು ಮಾಡುತ್ತಾರೆ. ಆ ಲೆಕ್ಕದಲ್ಲಿ ಇವರು ಬಹಳ ತಡ. ಆದರೆ ಗೋಲ್‌ಕೀಪರಿನ ಕಾಲು, ಹ್ಯಾಂಡ್‌ಬಾಲಿನ ಕೈ, ಇವೆರಡೂ ಮುಂದೆ ಅವರ ಬಂಡವಾಳ ಆಯಿತು. ಅಷ್ಟು ಎತ್ತರದ ಮನುಷ್ಯ ಅಷ್ಟು ಹಗುರವಾಗಿ ತಿರುಗುವುದನ್ನು ಅಮೆರಿಕದವರು ಅದುವರೆಗೆ ಕಂಡಿರಲಿಲ್ಲ.

ಈ ಆಟ ನೋಡದವರಿಗೆ ಎರಡು ಮಾತು. ಬಾಸ್ಕೆಟ್‌ಬಾಲಿನಲ್ಲಿ ಒಂದು ತಂಡಕ್ಕೆ ಐವರು. ಬುಟ್ಟಿಯ ಬಳೆ ನೆಲದಿಂದ 10 ಅಡಿ ಎತ್ತರದಲ್ಲಿರುತ್ತದೆ. ಐವರಲ್ಲಿ ಎಲ್ಲರಿಗಿಂತ ಎತ್ತರದವನು ಬುಟ್ಟಿಯ ಹತ್ತಿರ ಆಡುತ್ತಾನೆ, ಅವನಿಗೆ 'ಸೆಂಟರ್' ಅನ್ನುತ್ತಾರೆ. ಎದುರಾಳಿ ಎಸೆದ ಚೆಂಡನ್ನು ಗಾಳಿಯಲ್ಲೇ ತಡೆಯುವುದು 'ಬ್ಲಾಕ್', ಬುಟ್ಟಿಗೆ ಬೀಳದೆ ಚಿಮ್ಮಿದ ಚೆಂಡನ್ನು ಹಿಡಿಯುವುದು 'ರಿಬೌಂಡ್', ಜಿಗಿದು ಕೈಯಿಂದಲೇ ಚೆಂಡನ್ನು ಬುಟ್ಟಿಯೊಳಗೆ ತುರುಕುವುದು 'ಡಂಕ್'. ಸೆಂಟರಿನ ಮುಖ್ಯ ಕೆಲಸ ಈ ಮೂರು. ಹಕೀಂ ಸುಮಾರು 7 ಅಡಿ ಎತ್ತರದವರು.

ಹ್ಯೂಸ್ಟನ್‌ಗೆ ಬಂದ ಹುಡುಗ

ಇವರ ಆಟ ಕಂಡ ಅಮೆರಿಕದ ಕೋಚ್ ಒಬ್ಬರ ಮೂಲಕ 1980ರಲ್ಲಿ ಹಕೀಂ ಅಮೆರಿಕಕ್ಕೆ ಬಂದರು. ಸೇರಿದ್ದು ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ವಿಶ್ವವಿದ್ಯಾಲಯಕ್ಕೆ. ಅಲ್ಲಿನ ಕೋಚ್ ಗೈ ಲೂಯಿಸ್. ಹೆಸರಿನ ಕತೆಯೂ ಅಲ್ಲೇ ಶುರುವಾಯಿತು. ಹಕೀಂ ಎಂಬ ಹೆಸರಿನ ಮೊದಲ ಅಕ್ಷರ ಬಿಟ್ಟುಹೋಗಿ ಅಮೆರಿಕದಲ್ಲಿ ಅವರು 'ಅಕೀಂ' ಆದರು. ಹತ್ತು ವರ್ಷ ಆ ತಪ್ಪು ಹೆಸರಿನಲ್ಲೇ ಆಡಿದರು.

ಮೊದಲ ವರ್ಷ ಅವರನ್ನು ಪಂದ್ಯಕ್ಕೆ ಇಳಿಸಲಿಲ್ಲ. ಬರೀ ಅಭ್ಯಾಸ. ಎರಡನೆಯ ವರ್ಷ, ಅಂದರೆ 1981-82ರಲ್ಲಿ, ಬದಲಿ ಆಟಗಾರನಾಗಿ ಬೆಂಚಿನಿಂದ ಎದ್ದು ಬರುತ್ತಿದ್ದರು. ಪಂದ್ಯಕ್ಕೆ ಸರಾಸರಿ 8 ಅಂಕ ಅಷ್ಟೇ. ಆ ವರ್ಷ ಹ್ಯೂಸ್ಟನ್ ತಂಡ ದೇಶದ ಕಾಲೇಜು ಟೂರ್ನಿಯ ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಯಿತು. ಸೆಮಿಫೈನಲಿನಲ್ಲಿ ನಾರ್ತ್ ಕೆರೊಲಿನಾ ಎದುರು 68-63ರಲ್ಲಿ ಸೋತಿತು. ಗೆದ್ದ ತಂಡದಲ್ಲಿ ಮೊದಲ ವರ್ಷದ ವಿದ್ಯಾರ್ಥಿ ಒಬ್ಬರಿದ್ದರು, ಹೆಸರು ಮೈಕೆಲ್ ಜೋರ್ಡನ್. ಇದು ಹಕೀಂ ಅವರ ಮೊದಲ ಸೋಲು.

ಸೋತು ಬಂದ ಮೇಲೆ ಏನು ಮಾಡಬೇಕು ಎಂದು ಅವರು ತಮ್ಮ ಕೋಚ್ ಹತ್ತಿರ ಕೇಳಿದರು. ಕೋಚ್ ತೋರಿಸಿದ್ದು ಮೋಸಸ್ ಮಲೋನ್ ಅವರನ್ನು. ಮಲೋನ್ ಆಗ ಹ್ಯೂಸ್ಟನ್ ರಾಕೆಟ್ಸ್ ಎಂಬ ವೃತ್ತಿಪರ ತಂಡದ ಸೆಂಟರ್, ಆ ವರ್ಷ ಇಡೀ ಲೀಗಿನ ಅತ್ಯುತ್ತಮ ಆಟಗಾರ. ಬೇಸಗೆ ರಜೆಯಲ್ಲಿ ಊರಿನ ಫಾಂಡ್ ಎಂಬ ಸಾರ್ವಜನಿಕ ಕ್ರೀಡಾ ಕೇಂದ್ರದಲ್ಲಿ ದೊಡ್ಡವರು ಆಡುತ್ತಿದ್ದರು. ಹಕೀಂ ಅಲ್ಲಿಗೆ ಹೋಗಿ ದಿನಾ ಮಲೋನ್ ಎದುರು ನಿಂತು ಆಡಿದರು. ಅಲ್ಲಿ ಏಟು ತಿಂದರು, ತಳ್ಳಿಸಿಕೊಂಡರು, ಬಿದ್ದು ಎದ್ದರು. ಒಂದು ಬೇಸಗೆ ಕಳೆದು ಕಾಲೇಜಿಗೆ ಮರಳಿದಾಗ ಅವರ ಆಟವೇ ಬೇರೆಯಾಗಿತ್ತು.

ಮದ್ರಸದಲ್ಲಿ ನಾವು ಮಕ್ಕಳಿಗೆ ಸಾವಿರ ಸಲ ಹೇಳುವ ಮಾತು ಇದೇ. ನಿಮಗಿಂತ ಗಟ್ಟಿ ಇರುವವರ ಹತ್ತಿರ ಕಲಿಯಿರಿ, ನಿಮಗಿಂತ ಕಡಿಮೆ ಇರುವವರ ನಡುವೆ ಮೆರೆಯಬೇಡಿ. ಸಬಕ್‌ಗೂ ಅದೇ ನಿಯಮ, ಆಟಕ್ಕೂ ಅದೇ.

ಆಲ್ಬುಕರ್ಕಿಯ ಆ ರಾತ್ರಿ

1982-83ರ ಹ್ಯೂಸ್ಟನ್ ತಂಡವನ್ನು ಅಮೆರಿಕದವರು ಇವತ್ತಿಗೂ ಮರೆತಿಲ್ಲ. ಆ ತಂಡ ಜಿಗಿದು ಡಂಕ್ ಮಾಡುವುದರಲ್ಲಿ ಎಷ್ಟು ಹೆಸರು ಮಾಡಿತ್ತೆಂದರೆ, ಊರಿನ ಪತ್ರಕರ್ತರೊಬ್ಬರು ಕಾಲೇಜು ಸಂಘಗಳ ಗ್ರೀಕ್ ಹೆಸರುಗಳನ್ನು ತಮಾಷೆ ಮಾಡುತ್ತಾ 'ಫೈ ಸ್ಲ್ಯಾಮಾ ಜಾಮಾ' ಎಂದು ಹೆಸರಿಟ್ಟರು. ಹಕೀಂ ಜೊತೆಗೆ ಕ್ಲೈಡ್ ಡ್ರೆಕ್ಸ್ಲರ್ ಎಂಬ ಇನ್ನೊಬ್ಬ ಅದ್ಭುತ ಆಟಗಾರ ಇದ್ದರು. ಈ ಹೆಸರು ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬರುತ್ತದೆ. ಹಕೀಂ ಡಂಕ್ ಮಾಡುವಾಗ ಒಂದಿಷ್ಟೂ ಶ್ರಮ ಕಾಣುತ್ತಿರಲಿಲ್ಲ, ಕನಸಿನ ಹಾಗೆ ಇತ್ತು. ಅದಕ್ಕೇ ಕೋಚ್ ಲೂಯಿಸ್ ಅವರಿಗೆ 'ಡ್ರೀಮ್' ಎಂದು ಹೆಸರಿಟ್ಟರು. ಆ ಅಡ್ಡಹೆಸರು ಕೊನೆಯವರೆಗೂ ಉಳಿಯಿತು.

ಆ ವರ್ಷ ಸತತ 26 ಪಂದ್ಯ ಗೆದ್ದು ತಂಡ ಫೈನಲಿಗೆ ಬಂತು. ಸೆಮಿಫೈನಲಿನಲ್ಲಿ ಲೂಯಿವಿಲ್ ತಂಡವನ್ನು 94-81ರಲ್ಲಿ ಸೋಲಿಸಿದರು. ಹಕೀಂ ಒಬ್ಬರೇ 21 ಅಂಕ, 22 ರಿಬೌಂಡ್. ಫೈನಲಿನಲ್ಲಿ ಎದುರಾಳಿ ನಾರ್ತ್ ಕೆರೊಲಿನಾ ಸ್ಟೇಟ್. ಆ ತಂಡ ಗೆಲ್ಲುತ್ತದೆ ಎಂದು ಹೇಳಿದವರು ಬಹಳ ಕಮ್ಮಿ.

1983ರ ಏಪ್ರಿಲ್ 4. ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿ ನಗರ. ಅದು ಸಮುದ್ರ ಮಟ್ಟದಿಂದ ಸುಮಾರು 5,000 ಅಡಿ ಎತ್ತರದ ಊರು. ಗಾಳಿ ತೆಳು, ಓಡಿದರೆ ಉಸಿರು ಬೇಗ ಕಟ್ಟುತ್ತದೆ. ಅರ್ಧ ಆಟಕ್ಕೆ ಹ್ಯೂಸ್ಟನ್ 8 ಅಂಕ ಹಿಂದೆ ಇತ್ತು. ಡ್ರೆಕ್ಸ್ಲರ್ ಅಷ್ಟರಲ್ಲೇ ನಾಲ್ಕು ಫೌಲ್ ಮಾಡಿಕೊಂಡಿದ್ದರು. ಐದಾದರೆ ಹೊರಗೆ. ಹಕೀಂ ಬುಟ್ಟಿಯ ಕೆಳಗೆ ಗೋಡೆಯ ಹಾಗೆ ನಿಂತು ತಂಡವನ್ನು ಮೇಲೆ ತಂದರು, 42-35ರ ಮುನ್ನಡೆ ಸಿಕ್ಕಿತು. ಅಲ್ಲಿಂದ ಹ್ಯೂಸ್ಟನ್ ಆಟ ನಿಧಾನ ಮಾಡಿತು. ಆಗ ಕಾಲೇಜು ಆಟದಲ್ಲಿ ಇಷ್ಟು ಸೆಕೆಂಡಿನೊಳಗೆ ಎಸೆಯಲೇಬೇಕು ಎಂಬ ನಿಯಮ ಇರಲಿಲ್ಲ. ಎದುರಾಳಿಗಳು ಬೇಕಂತಲೇ ಫೌಲ್ ಮಾಡಿ ಹ್ಯೂಸ್ಟನ್ ಹುಡುಗರನ್ನು ಫ್ರೀ ಥ್ರೋ ಗೆರೆಗೆ ಕಳಿಸಿದರು. ಜಿಗಿಯುವುದರಲ್ಲಿ ಹುಲಿಗಳಾಗಿದ್ದ ಹುಡುಗರು ಆ ಗೆರೆಯಲ್ಲಿ ನಿಂತು ಎಸೆಯುವುದರಲ್ಲಿ ತಪ್ಪಿದರು. 52-52 ಆಯಿತು.

ಕೊನೆಯ ಸೆಕೆಂಡುಗಳು. ಎದುರು ತಂಡದ ಡೆರಿಕ್ ವಿಟನ್‌ಬರ್ಗ್ ಬಹಳ ದೂರದಿಂದ ಚೆಂಡು ಎಸೆದರು. ಅದು ಬಳೆಯನ್ನೂ ಮುಟ್ಟದೆ ಮೊದಲೇ ಕೆಳಗೆ ಬಂತು. ಹಕೀಂ ಹತ್ತಿರದಲ್ಲೇ ಇದ್ದರು, ಆದರೆ ಬುಟ್ಟಿಯ ಪಕ್ಕ ಲೊರೆಂಜೊ ಚಾರ್ಲ್ಸ್ ಒಬ್ಬರೇ ಖಾಲಿ ನಿಂತಿದ್ದರು. ಚೆಂಡು ನೇರ ಅವರ ಕೈಗೆ ಬಂತು, ಅವರು ಹಾಗೇ ಬುಟ್ಟಿಗೆ ತುರುಕಿದರು. 54-52. ಆಟ ಮುಗಿಯಿತು. ಡಂಕಿಗೆ ಹೆಸರಾದ ತಂಡ ಡಂಕಿನಿಂದಲೇ ಸೋತಿತು.

ಹಕೀಂ ಆ ರಾತ್ರಿ 20 ಅಂಕ, 18 ರಿಬೌಂಡ್, 7 ಬ್ಲಾಕ್ ಮಾಡಿದ್ದರು. ಟೂರ್ನಿಯ ಶ್ರೇಷ್ಠ ಆಟಗಾರ ಪ್ರಶಸ್ತಿ ಸೋತವರಿಗೆ ಸಿಕ್ಕಿತು, ಅದೂ ಹಕೀಂ ಅವರಿಗೇ. ಅದಾದ ಮೇಲೆ ಸೋತ ತಂಡದ ಯಾರಿಗೂ ಆ ಪ್ರಶಸ್ತಿ ಹೋಗಿಲ್ಲ. ಆದರೆ ಅವರಿಗೆ ಬೇಕಾಗಿದ್ದದ್ದು ಆ ಪ್ರಶಸ್ತಿ ಅಲ್ಲ ಎಂಬುದು ಯಾರಿಗಾದರೂ ಗೊತ್ತಾಗುತ್ತದೆ.

ಮೂರನೆಯ ಸೋಲು

ಡ್ರೆಕ್ಸ್ಲರ್ ಆ ವರ್ಷವೇ ಕಾಲೇಜು ಬಿಟ್ಟು ವೃತ್ತಿಪರ ಆಟಕ್ಕೆ ಹೋದರು. ಹಕೀಂ ಉಳಿದರು. 1983-84ರಲ್ಲಿ ರಿಬೌಂಡ್, ಬ್ಲಾಕ್, ಗುರಿ ತಪ್ಪದ ಎಸೆತ, ಈ ಮೂರರಲ್ಲೂ ಇಡೀ ಅಮೆರಿಕದ ಕಾಲೇಜುಗಳಲ್ಲಿ ಅವರೇ ಮೊದಲು. ಪಂದ್ಯಕ್ಕೆ ಸರಾಸರಿ 13.5 ರಿಬೌಂಡ್, 5.6 ಬ್ಲಾಕ್. ತಂಡ ಮೂರನೆಯ ವರ್ಷವೂ ಕೊನೆಯ ನಾಲ್ಕಕ್ಕೆ ಬಂತು, ಫೈನಲಿಗೂ ಬಂತು. ಈ ಸಲ ಸಿಯಾಟಲ್ ನಗರದಲ್ಲಿ ಜಾರ್ಜ್‌ಟೌನ್ ಎದುರು. ಆ ತಂಡದ ಸೆಂಟರ್ ಪ್ಯಾಟ್ರಿಕ್ ಯೂಯಿಂಗ್. ಇಬ್ಬರು ಎತ್ತರದವರ ಹಣಾಹಣಿ ನೋಡಲು ದೇಶವೇ ಕಾದಿತ್ತು. ಜಾರ್ಜ್‌ಟೌನ್ 84-75ರಲ್ಲಿ ಗೆದ್ದಿತು.

ಮೂರು ವರ್ಷ, ಮೂರು ಸಲ ಗೆಲುವಿನ ಬಾಗಿಲ ತನಕ ಹೋಗಿ, ಮೂರು ಸಲವೂ ಬರಿಗೈಯಲ್ಲಿ ಮರಳಿದ್ದು. ಹಕೀಂ ಅವರ ಕಾಲೇಜು ಜೀವನದ ಲೆಕ್ಕ ಇಷ್ಟೇ. ನಮ್ಮಲ್ಲಿ ಒಂದು ಮಾರ್ಕ್ಸ್ ಕಾರ್ಡಿಗೆ ಮಕ್ಕಳು ಊಟ ಬಿಡುತ್ತಾರೆ. ಒಂದು ಸಲ ಸಿಇಟಿ ರ್‍ಯಾಂಕ್ ಬರಲಿಲ್ಲ ಎಂದರೆ ಮನೆಯೇ ಮೌನ ಆಗುತ್ತದೆ. ಅಂಥ ಮನೆಯವರು ಈ ಮೂರು ವರ್ಷದ ಲೆಕ್ಕವನ್ನು ಸ್ವಲ್ಪ ನಿಂತು ನೋಡಬೇಕು.

ಯಾಕೆಂದರೆ ಸೋತವರನ್ನು ಅಮೆರಿಕ ಬಿಟ್ಟುಹಾಕಲಿಲ್ಲ. 1984ರಲ್ಲಿ ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಆರಿಸುವಾಗ ಮೊದಲ ಆಯ್ಕೆ ಯಾರಿಗೆ ಎಂದು ನಾಣ್ಯ ಚಿಮ್ಮಿ ನಿರ್ಧರಿಸಿದರು. ಹ್ಯೂಸ್ಟನ್ ರಾಕೆಟ್ಸ್ ಗೆದ್ದು ಹಕೀಂ ಅವರನ್ನೇ ಮೊದಲು ಆರಿಸಿತು. ಆ ವರ್ಷ ಮೈಕೆಲ್ ಜೋರ್ಡನ್ ಅವರ ಹೆಸರು ಬಂದದ್ದು ಮೂರನೆಯದಾಗಿ. ಓದಿದ ಊರಿನಲ್ಲೇ ಕೆಲಸ ಸಿಕ್ಕ ಹಾಗೆ ಆಯಿತು.

ದೂರ ಹೋದದ್ದು, ಮರಳಿ ಬಂದದ್ದು

ಈಗ ನಾವು ಉಸ್ತಾದರು ಬರೆಯಲು ಸ್ವಲ್ಪ ಹಿಂಜರಿಯುವ ಮಾತು. ಹಕೀಂ ಮನೆಯಲ್ಲಿ ದೀನ್ ಕಂಡು ಬೆಳೆದವರು. ಆದರೆ ಕಾಲೇಜಿನ ವರ್ಷಗಳಲ್ಲೂ ಆಟದ ಮೊದಲ ವರ್ಷಗಳಲ್ಲೂ ಆ ಶಿಸ್ತು ಸಡಿಲ ಆಗಿತ್ತು. ಆಗ ಅವರಿಗೆ ಕೋಪ ಹೆಚ್ಚು. ಅಂಕಣದಲ್ಲಿ ಜಗಳ, ಅಂಪೈರರ ಹತ್ತಿರ ವಾದ, ದಂಡ. 1986ರಲ್ಲಿ ಅವರ ತಂಡ ಲೀಗಿನ ಫೈನಲ್ ತನಕ ಹೋಗಿ ಬಾಸ್ಟನ್ ತಂಡದ ಎದುರು ಸೋತಿತು. ಅಂದರೆ ಸೋಲಿನ ಸರಣಿ ಅಲ್ಲಿಗೂ ಹಿಂಬಾಲಿಸಿತು. ನಂತರದ ಕೆಲವು ವರ್ಷ ತಂಡವೂ ಸೊರಗಿತು.

ಅದೇ ಹ್ಯೂಸ್ಟನ್ ನಗರದಲ್ಲಿ ಮಸೀದಿ ಇತ್ತು. ಅವರು ಅಲ್ಲಿಗೆ ಹೋಗಲು ಶುರು ಮಾಡಿದರು. ಐದು ಹೊತ್ತಿನ ನಮಾಝ್, ಕುರ್‌ಆನ್ ಓದು, ಪ್ರವಾಸದಲ್ಲಿ ಹೋದ ಊರಿನಲ್ಲೂ ಜುಮಾ ಎಲ್ಲಿ ಎಂದು ವಿಚಾರಿಸಿ ಹೋಗುವುದು. ನಿಧಾನವಾಗಿ ಮನುಷ್ಯ ಬದಲಾದರು. ಕೋಪ ಇಳಿಯಿತು. ಜೊತೆ ಆಟಗಾರರು ಹೇಳುವ ಮೊದಲು ಆಟವೇ ಅದನ್ನು ಹೇಳಿತು. 1991ರ ಮಾರ್ಚಿನಲ್ಲಿ ಅವರು ತಮ್ಮ ಹೆಸರನ್ನೂ ಸರಿ ಮಾಡಿಕೊಂಡರು. ಇನ್ನು 'ಅಕೀಂ' ಅಲ್ಲ, ಉಪ್ಪ ಉಮ್ಮ ಇಟ್ಟ 'ಹಕೀಂ'. ಅರಬಿಯಲ್ಲಿ ಹಕೀಂ ಅಂದರೆ ವಿವೇಕಿ ಎಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ.

ಓದಲು, ದುಡಿಯಲು ಊರು ಬಿಟ್ಟು ಹೋದ ಮಕ್ಕಳು ನಮ್ಮ ಪ್ರತಿ ಮೊಹಲ್ಲಾದಲ್ಲೂ ಇದ್ದಾರೆ. ಕೆಲವರು ಸ್ವಲ್ಪ ದೂರ ಸರಿಯುತ್ತಾರೆ. ಮನೆಯವರು "ಹುಡುಗ ಹಾಳಾದ" ಎಂದು ತೀರ್ಪು ಕೊಟ್ಟು ಕೂರುತ್ತಾರೆ. ನಾವು ಉಸ್ತಾದರೂ ಈ ತಪ್ಪು ಮಾಡಿದ್ದೇವೆ, ಒಪ್ಪಿಕೊಳ್ಳುತ್ತೇವೆ. ಹಕೀಂ ಮರಳಿ ಬರಲು ಹತ್ತಿರ ಹತ್ತಿರ ಹತ್ತು ವರ್ಷ ಹಿಡಿಯಿತು. ಬಾಗಿಲು ಮುಚ್ಚಿದ್ದರೆ ಅವರು ಎಲ್ಲಿಗೆ ಬರಬೇಕಿತ್ತು?

ಹತ್ತು ವರ್ಷದ ಮೇಲೆ ಅದೇ ಎದುರಾಳಿ

1993-94ರಲ್ಲಿ ಆ ತನಕ ಆಗದ್ದು ಆಯಿತು. ಹಕೀಂ ಲೀಗಿನ ಅತ್ಯುತ್ತಮ ಆಟಗಾರ ಎಂದು ಆಯ್ಕೆಯಾದರು, ಅತ್ಯುತ್ತಮ ರಕ್ಷಣಾ ಆಟಗಾರನೂ ಆದರು. ತಂಡ ಫೈನಲಿಗೆ ಬಂತು. ಎದುರು ನ್ಯೂಯಾರ್ಕ್ ನಿಕ್ಸ್. ಆ ತಂಡದ ಸೆಂಟರ್ ಯಾರು ಗೊತ್ತೇ? 1984ರಲ್ಲಿ ಸಿಯಾಟಲ್‌ನಲ್ಲಿ ಎದುರಿಗೆ ಇದ್ದ ಅದೇ ಪ್ಯಾಟ್ರಿಕ್ ಯೂಯಿಂಗ್.

ಏಳು ಪಂದ್ಯಗಳ ಸರಣಿಯಲ್ಲಿ ಐದು ಮುಗಿದಾಗ ಹ್ಯೂಸ್ಟನ್ ಹಿಂದೆ ಇತ್ತು. ಆರನೆಯದನ್ನು ಸೋತರೆ ಎಲ್ಲವೂ ಮುಗಿದ ಹಾಗೆ. ಕೊನೆಯ ಕ್ಷಣದಲ್ಲಿ 86-84ರ ಮುನ್ನಡೆ. ನ್ಯೂಯಾರ್ಕಿನ ಜಾನ್ ಸ್ಟಾರ್ಕ್ಸ್ ಮೂರು ಅಂಕದ ಎಸೆತಕ್ಕೆ ಎದ್ದರು. ಬಿದ್ದರೆ ನ್ಯೂಯಾರ್ಕ್ ಚಾಂಪಿಯನ್. ಹಕೀಂ ಒಳಗಿನಿಂದ ಓಡಿ ಬಂದು ಕೈ ಚಾಚಿದರು, ಬೆರಳ ತುದಿ ಚೆಂಡಿಗೆ ತಾಗಿತು, ಎಸೆತ ತಪ್ಪಿತು. ಏಳನೆಯ ಪಂದ್ಯವನ್ನು 90-84ರಲ್ಲಿ ಗೆದ್ದು ಹ್ಯೂಸ್ಟನ್ ಮೊದಲ ಬಾರಿ ಚಾಂಪಿಯನ್ ಆಯಿತು. ಫೈನಲಿನ ಅತ್ಯುತ್ತಮ ಆಟಗಾರ ಪ್ರಶಸ್ತಿಯೂ ಹಕೀಂ ಅವರಿಗೆ. ಒಂದೇ ವರ್ಷ ಈ ಮೂರೂ ಪ್ರಶಸ್ತಿ ಪಡೆದವರು ಅವರೊಬ್ಬರೇ.

ಆಲ್ಬುಕರ್ಕಿಯಲ್ಲಿ ಕೊನೆಯ ಸೆಕೆಂಡಿನಲ್ಲಿ ಕೈಗೆ ಸಿಗದೆ ಹೋದ ಚೆಂಡು ಹನ್ನೊಂದು ವರ್ಷದ ಮೇಲೆ ಬೆರಳಿಗೆ ಸಿಕ್ಕಿತು ಎಂದು ನಮಗೆ ಅನ್ನಿಸಿತು. ಸಬ್ರ್ ಎಂದರೆ ಸುಮ್ಮನೆ ಕೂರುವುದು ಎಂದು ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ. ದಿನಾ ಕೆಲಸ ಮಾಡುತ್ತಾ ಕಾಯುವುದು ಸಬ್ರ್.

ಮಾರನೆಯ ವರ್ಷದ ಕತೆ ಇನ್ನೂ ಚೆಂದ. 1995ರ ಫೆಬ್ರವರಿಯಲ್ಲಿ ಹಳೆಯ ಕಾಲೇಜು ಗೆಳೆಯ ಕ್ಲೈಡ್ ಡ್ರೆಕ್ಸ್ಲರ್ ಹ್ಯೂಸ್ಟನ್ ತಂಡಕ್ಕೆ ಬಂದರು. ಅವರು ಕೂಡ ಬೇರೆ ತಂಡದಲ್ಲಿ ಎರಡು ಸಲ ಫೈನಲ್ ಸೋತವರು. ಆ ಋತುವಿನಲ್ಲಿ ಹ್ಯೂಸ್ಟನ್ ತಮ್ಮ ವಿಭಾಗದಲ್ಲಿ ಆರನೆಯ ಸ್ಥಾನದಲ್ಲಿತ್ತು, ಯಾರಿಗೂ ದೊಡ್ಡ ನಂಬಿಕೆ ಇರಲಿಲ್ಲ. ಆದರೆ ಒಂದೊಂದೇ ತಂಡವನ್ನು ಸೋಲಿಸಿ, ಫೈನಲಿನಲ್ಲಿ ಶಕೀಲ್ ಓನೀಲ್ ಇದ್ದ ಒರ್ಲಾಂಡೋ ತಂಡವನ್ನು 4-0ರಲ್ಲಿ ಮಣಿಸಿದರು. 1983ರಲ್ಲಿ ಜೊತೆಯಲ್ಲಿ ಸೋತ ಇಬ್ಬರು 1995ರಲ್ಲಿ ಜೊತೆಯಲ್ಲೇ ಗೆದ್ದರು.

ನೋಂಬಿನ ತಿಂಗಳು

ಈಗ ನಮ್ಮ ಹುಡುಗನ ಪ್ರಶ್ನೆಗೆ ಬರೋಣ. ಅಮೆರಿಕದ ಈ ಲೀಗ್ ಚಳಿಗಾಲದಲ್ಲಿ ನಡೆಯುತ್ತದೆ. 90ರ ದಶಕದಲ್ಲಿ ರಮಝಾನ್ ಸರಿಯಾಗಿ ಋತುವಿನ ನಡುವೆ ಬರುತ್ತಿತ್ತು. ಹಕೀಂ ನೋಂಬು ಹಿಡಿದೇ ಆಡಿದರು. ಬೆಳಗಿನ ಜಾವ ಎದ್ದು ಖರ್ಜೂರ, ಬೇಕಾದಷ್ಟು ನೀರು, ಸುಬ್‌ಹಿ. ಆಮೇಲೆ ಸೂರ್ಯ ಮುಳುಗುವ ತನಕ ಒಂದು ಗುಟುಕು ನೀರೂ ಇಲ್ಲ. ಸಂಜೆಯ ಪಂದ್ಯವಾದರೆ ಇಫ್ತಾರ್ ಆದ ಮೇಲೆ ಆಟ. ಮಧ್ಯಾಹ್ನದ ಪಂದ್ಯವಾದರೆ ಖಾಲಿ ಹೊಟ್ಟೆಯಲ್ಲೇ ಆಟ.

1995ರಲ್ಲಿ ರಮಝಾನ್ ಫೆಬ್ರವರಿ ಒಂದರ ಹೊತ್ತಿಗೆ ಶುರುವಾಯಿತು. ಆ ಫೆಬ್ರವರಿಯಲ್ಲಿ ಲೀಗಿನ 'ತಿಂಗಳ ಆಟಗಾರ' ಯಾರು? ಹಕೀಂ. 1997ರ ಜನವರಿ 19ರಂದು ಷಿಕಾಗೋ ಬುಲ್ಸ್ ಎದುರು ಮಧ್ಯಾಹ್ನದ ಪಂದ್ಯ, ಇಡೀ ದೇಶ ಟಿವಿಯಲ್ಲಿ ನೋಡುತ್ತಿತ್ತು. ಬುಲ್ಸ್ ಅಂದರೆ ಮೈಕೆಲ್ ಜೋರ್ಡನ್ ಅವರ ತಂಡ, ಆಗಿನ ಚಾಂಪಿಯನ್. ಹಕೀಂ ನೋಂಬಿನಲ್ಲಿದ್ದರು. 32 ಅಂಕ ಗಳಿಸಿದರು, ಹ್ಯೂಸ್ಟನ್ 102-86ರಲ್ಲಿ ಗೆದ್ದಿತು.

ಇದನ್ನು ಓದಿ "ನೋಂಬು ಹಿಡಿದರೆ ಅಂಕ ಜಾಸ್ತಿ ಬರುತ್ತದೆ" ಎಂದು ಯಾರೂ ಹೊರಡಬೇಡಿ. ನೋಂಬು ಅಂಕಕ್ಕಾಗಿ ಅಲ್ಲ, ಅಲ್ಲಾಹನಿಗಾಗಿ. ಹಕೀಂ ಬಳಿ ಒಳ್ಳೆಯ ವೈದ್ಯರಿದ್ದರು, ವರ್ಷಗಟ್ಟಲೆ ಪಳಗಿದ ದೇಹ ಇತ್ತು. ಎಲ್ಲ ಹುಡುಗರ ದೇಹ ಒಂದೇ ಅಲ್ಲ. ಕಾಯಿಲೆ ಇದ್ದವರಿಗೆ, ದೂರ ಪ್ರಯಾಣದಲ್ಲಿ ಇರುವವರಿಗೆ ಮಸಲ ಬೇರೆ ಇದೆ, ಅದನ್ನು ಉಲಮಾಗಳ ಹತ್ತಿರ ಕೇಳಿ. ನಾವು ಹೇಳುವುದು ಇಷ್ಟೇ. ನೋಂಬು ಮತ್ತು ಆಟ ಒಂದರ ಕುತ್ತಿಗೆ ಇನ್ನೊಂದು ಹಿಡಿಯಲೇಬೇಕು ಅಂತೇನೂ ಇಲ್ಲ. ಹಿಡಿಯುವುದು ನಮ್ಮ ಅವಸರ, ನಮ್ಮ ತಯಾರಿ ಇಲ್ಲದ್ದು.

ದುಡ್ಡು ಬಂದ ಮೇಲೆ

ಆಟಗಾರರ ಹೆಸರಿನ ಶೂಗಳು ಅಮೆರಿಕದಲ್ಲಿ ದುಬಾರಿ. ಬಡ ಮಕ್ಕಳು ಅದಕ್ಕಾಗಿ ಮನೆಯಲ್ಲಿ ಹಠ ಮಾಡುತ್ತಿದ್ದರು, ಶೂಗಾಗಿ ಹೊಡೆದಾಟಗಳೂ ಆಗಿದ್ದವು. ಹಕೀಂ ದೊಡ್ಡ ಕಂಪನಿಗಳ ದುಬಾರಿ ಶೂ ಬಿಟ್ಟು, ಸಾಮಾನ್ಯ ಮನೆಯವರೂ ಕೊಳ್ಳಬಹುದಾದ ಸ್ಪಾಲ್ಡಿಂಗ್ ಶೂಗೆ ತಮ್ಮ ಹೆಸರು ಕೊಟ್ಟರು. ಹ್ಯೂಸ್ಟನ್ ನಗರದ ನಡುವೆ 1928ರ ಹಳೆಯ ಬ್ಯಾಂಕ್ ಕಟ್ಟಡ ಒಂದನ್ನು ಕೊಂಡರು, ಅದು ಮುಂದೆ ಮಸೀದಿ ಮತ್ತು ಇಸ್ಲಾಮಿಕ್ ಕೇಂದ್ರ ಆಯಿತು. ಬಡ್ಡಿಯ ವ್ಯವಹಾರ ನಡೆಯುತ್ತಿದ್ದ ಜಾಗದಲ್ಲಿ ಈಗ ಸುಜೂದ್ ನಡೆಯುತ್ತದೆ. ಆಟ ಬಿಟ್ಟ ಮೇಲೆ ಅವರು ಜಮೀನು, ಕಟ್ಟಡಗಳ ವ್ಯವಹಾರಕ್ಕೆ ಇಳಿದರು. ಬಡ್ಡಿ ಸಾಲ ಬೇಡ ಎಂದು ಕೈಯಲ್ಲಿದ್ದ ದುಡ್ಡು ಕೊಟ್ಟೇ ಕೊಳ್ಳುವವರು ಎಂದು ಹೆಸರಾದರು.

1993ರಲ್ಲಿ ಅಮೆರಿಕದ ಪೌರತ್ವ ಪಡೆದರು, 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. ಕೊನೆಯ ಒಂದು ವರ್ಷ ಕೆನಡಾದ ಟೊರಾಂಟೊ ತಂಡದಲ್ಲಿ ಆಡಿ 2002ರಲ್ಲಿ ನಿವೃತ್ತರಾದರು. ಒಟ್ಟು 18 ಋತು, 26,946 ಅಂಕ, 3,830 ಬ್ಲಾಕ್. ಆ ಬ್ಲಾಕ್ ದಾಖಲೆಯನ್ನು ಲೀಗಿನಲ್ಲಿ ಇನ್ನೂ ಯಾರೂ ಮುರಿದಿಲ್ಲ. 2008ರಲ್ಲಿ ಬಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಸೇರಿದರು. ಬುಟ್ಟಿಯ ಕೆಳಗೆ ಅವರು ಭುಜ ಅಲ್ಲಾಡಿಸಿ ಎದುರಾಳಿಯನ್ನು ಒಂದು ಕಡೆಗೆ ಕಳಿಸಿ ತಾವು ಇನ್ನೊಂದು ಕಡೆಗೆ ತಿರುಗುವ ಪಟ್ಟಿಗೆ 'ಡ್ರೀಮ್ ಶೇಕ್' ಎಂದೇ ಹೆಸರು. ನಿವೃತ್ತಿಯ ನಂತರ ಕೋಬಿ ಬ್ರಯಂಟ್, ಲೆಬ್ರಾನ್ ಜೇಮ್ಸ್ ಅವರಂಥ ದೊಡ್ಡವರೇ ಬಂದು ಆ ಪಟ್ಟು ಕಲಿತು ಹೋದರು. ಮಲೋನ್ ಹತ್ತಿರ ಕಲಿತದ್ದನ್ನು ಹಕೀಂ ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ, ಮುಂದಿನವರಿಗೆ ದಾಟಿಸಿದರು.

ಮನೆಯವರಿಗೆ ಒಂದು ಮಾತು

ಹುಡುಗರು ಆಡಲಿಕ್ಕೆ ಹೋದರೆ ನಾವು ಮೊದಲು ಹೇಳುವುದು "ಟೈಮ್ ವೇಸ್ಟ್". ನಾವೇ ಅಸರ್ ಹೊತ್ತಿಗೆ ಮೈದಾನದಿಂದ ಮಕ್ಕಳನ್ನು ಓಡಿಸಿದ್ದುಂಟು. ಈಗ ಯೋಚಿಸಿದರೆ, ಅವರನ್ನು ಓಡಿಸುವ ಬದಲು ಜಮಾಅತ್‌ಗೆ ಕರೆದುಕೊಂಡು ಹೋಗಿ ಮತ್ತೆ ಮೈದಾನಕ್ಕೆ ಬಿಡಬಹುದಿತ್ತು. ಆಟ ಆಡುವ ಹುಡುಗ ಸಿಗರೇಟು, ಗಾಂಜಾದ ಕಡೆಗೆ ಹೋಗುವುದು ಕಡಿಮೆ ಎಂದು ನಮ್ಮ ಕಣ್ಣಿಗೇ ಕಾಣುತ್ತದೆ.

ನಮ್ಮ ಪಿಯುಸಿ ಹುಡುಗನನ್ನು ಮತ್ತೆ ಕರೆದು ಈ ಕತೆ ಹೇಳಿದೆವು. ಅವನ ಉಪ್ಪನ ಹತ್ತಿರವೂ ಮಾತಾಡಿದೆವು. ಕೋಚ್ ಒಳ್ಳೆ ಮನುಷ್ಯ, ಅಭ್ಯಾಸವನ್ನು ತರಾವೀಹ್ ಮುಗಿದ ಮೇಲೆ ಇಟ್ಟುಕೊಳ್ಳಲು ಒಪ್ಪಿದರು. ಉಮ್ಮ ಸಹರಿಗೆ ದಿನಾ ಎಬ್ಬಿಸಿ ಗಂಜಿ, ಖರ್ಜೂರ, ಎರಡು ಚೊಂಬು ನೀರು ಕುಡಿಸಿ ಮಲಗಿಸಿದರು. ಪಂದ್ಯದ ದಿನ ನಾವು ಮೈದಾನಕ್ಕೆ ಹೋಗಿ ನಿಂತೆವು, ಬಾಸ್ಕೆಟ್‌ಬಾಲ್ ಪಂದ್ಯ ಪೂರ್ತಿ ನೋಡಿದ್ದು ಅದೇ ಮೊದಲು.

ಅವರ ತಂಡ ಎರಡನೆಯ ಸುತ್ತಿನಲ್ಲೇ ಸೋತಿತು. ಮರುದಿನ ಹುಡುಗ ಮದ್ರಸಕ್ಕೆ ಬಂದ. ಮುಖ ಸ್ವಲ್ಪ ಸಪ್ಪೆ ಇತ್ತು. "ಸೋತ್ವಿ ಉಸ್ತಾದ್" ಎಂದ. ನಾವು "ನೋಂಬು?" ಎಂದು ಕೇಳಿದೆವು. "ಅದು ಉಂಟು" ಎಂದ. ಆಮೇಲೆ ಕಿತಾಬ್ ತೆರೆದು ಕೂತ.

ಈ ವರ್ಷವೂ ಅವನು ತಂಡದಲ್ಲಿದ್ದಾನೆ. ಇನ್ಶಾ ಅಲ್ಲಾಹ್, ನಾವೂ ಹೋಗುತ್ತೇವೆ ನೋಡಲಿಕ್ಕೆ.